ರೊಜಾರಿಯೊದಿಂದ ಬಾವುಟಗುಡ್ಡೆಗೆ: ಮಂಗಳೂರಿನ ಇಗರ್ಜಿ, ಶಾಲೆಗಳ ನಡುವೆ ಒಂದು ದಿನದ ನಡಿಗೆ

ಮಂಗಳೂರಿನ ಸ್ಟೇಟ್‌ಬ್ಯಾಂಕ್ ನಿಲ್ದಾಣದಲ್ಲಿ ಬಸ್ಸಿಳಿದು, ಬಂದರಿನ ಮೀನು, ಒಣಮೆಣಸಿನ ವಾಸನೆಯನ್ನು ಬಲಕ್ಕೆ ಬಿಟ್ಟು ದಕ್ಷಿಣಕ್ಕೆ ನಡೆದರೆ ಹದಿನೈದು ನಿಮಿಷದೊಳಗೆ ರೊಜಾರಿಯೊ ಕೆಥೆಡ್ರಲ್ಲಿನ ಗೋಪುರ ಕಾಣುತ್ತದೆ. ಅಲ್ಲಿಂದ ಹಂಪನಕಟ್ಟೆಯ ಮಿಲಾಗ್ರಿಸ್, ಅಲ್ಲಿಂದ ಏರು ಹತ್ತಿ ಬಾವುಟಗುಡ್ಡೆಯ ಸಂತ ಅಲೋಶಿಯಸ್ ಚಾಪೆಲ್. ಎಲ್ಲ ಸೇರಿ ಮೂರು ಕಿಲೋಮೀಟರಿನ ಆಸುಪಾಸು. ದೂರ ಕಡಿಮೆಯಾದರೂ ಇದಕ್ಕೆ ಒಂದು ಪೂರ್ತಿ ದಿನ ಬೇಕು. ಈ ಮೂರೂ ಜಾಗದಲ್ಲಿ ಇಗರ್ಜಿಯೊಂದನ್ನೇ ನೋಡಿ ಬರುವವರು ಅರ್ಧ ಕಥೆಯನ್ನಷ್ಟೇ ಕೇಳಿದ ಹಾಗೆ. ಉಳಿದರ್ಧ ಪಕ್ಕದ ಶಾಲೆಯ ಅಂಗಳದಲ್ಲಿದೆ.

ಹೊರಡುವ ದಿನವನ್ನು ಸ್ವಲ್ಪ ಯೋಚಿಸಿ ಆರಿಸಬೇಕು. ಭಾನುವಾರ ಬೆಳಗ್ಗೆ ಒಂದರ ಹಿಂದೆ ಒಂದು ಬಲಿಪೂಜೆ ಇರುತ್ತದೆ. ಆಗ ಒಳಗೆ ಕೂತು ಪ್ರಾರ್ಥಿಸಬಹುದೇ ಹೊರತು ಗೋಡೆ ನೋಡುತ್ತ ಓಡಾಡುವಂತಿಲ್ಲ. ವಾರದ ದಿನಗಳಲ್ಲಿ ಇಗರ್ಜಿ ಖಾಲಿ, ಆದರೆ ಶಾಲೆ ತುಂಬಿರುತ್ತದೆ. ಶಾಲೆ ಬಿಡುವ ಹೊತ್ತಿಗೆ ಹಂಪನಕಟ್ಟೆ, ಬಾವುಟಗುಡ್ಡೆಯ ರಸ್ತೆಗಳಲ್ಲಿ ಕಾಲಿಡಲು ಜಾಗ ಸಿಗದು. ಬೆಳಗ್ಗೆ ಎಂಟಕ್ಕೆ ರೊಜಾರಿಯೊದಲ್ಲಿ ಶುರುಮಾಡಿ, ಬಿಸಿಲು ಏರುವ ಮೊದಲು ಮಿಲಾಗ್ರಿಸ್ ಮುಗಿಸಿ, ಊಟವಾದ ಮೇಲೆ ಗುಡ್ಡ ಹತ್ತುವುದು ಒಳ್ಳೆಯ ಕ್ರಮ. ನವೆಂಬರಿನಿಂದ ಫೆಬ್ರವರಿ ತನಕ ಹವೆ ಹಿತ. ಭುಜ, ಮೊಣಕಾಲು ಮುಚ್ಚುವ ಬಟ್ಟೆ ಇರಲಿ. ಮೊಬೈಲು ಸದ್ದು ಮಾಡದಿರಲಿ.

ಹೊರಡುವ ಮುನ್ನ ನಾಲ್ಕು ಮಾತು ತಿಳಿದಿದ್ದರೆ ದಾರಿಯಲ್ಲಿ ಕಿವಿ ತೆರೆದಿರುತ್ತದೆ. ಕರಾವಳಿಯವರು ಚರ್ಚಿಗೆ ಇಗರ್ಜಿ ಎನ್ನುತ್ತಾರೆ. ಅದು ಪೋರ್ಚುಗೀಸರ ‘ಇಗ್ರೇಜಾ’ ಕೊಂಕಣಿಯ ಮೂಲಕ ಬಂದದ್ದು. ಒಂದು ಇಗರ್ಜಿಗೆ ಸೇರಿದ ಮನೆಗಳ ಒಟ್ಟು ಸಮುದಾಯ ‘ಫಿರ್ಗಜ್’. ಕನ್ನಡದಲ್ಲಿ ಧರ್ಮಕೇಂದ್ರ. ಅದರ ಮುಖ್ಯ ಗುರು ‘ವಿಗಾರ್’. ಫಿರ್ಗಜನ್ನು ವಾಡೊ ಎಂಬ ಸಣ್ಣ ವಿಭಾಗಗಳಾಗಿ ಹಂಚಿ, ಪ್ರತಿ ವಾಡೊಗೂ ಒಬ್ಬ ‘ಗುರ್ಕಾರ್’ ಇರುತ್ತಾನೆ. ಇಗರ್ಜಿ, ಫಿರ್ಗಜ್, ವಿಗಾರ್ ಪೋರ್ಚುಗಲ್ಲಿನಿಂದ ಬಂದ ಪದಗಳಾದರೆ ಈ ಕೊನೆಯದು ನಮ್ಮ ಗುರಿಕಾರನೇ. ಊರ ದೈವಸ್ಥಾನದಲ್ಲೂ ಗುರಿಕಾರ, ಇಗರ್ಜಿಯಲ್ಲೂ ಗುರ್ಕಾರ. ಈ ಊರಿನ ಕ್ರೈಸ್ತರ ಬದುಕು ಎರಡು ನೀರು ಸೇರುವ ಅಳಿವೆಯಂಥದ್ದು ಎಂಬುದಕ್ಕೆ ಈ ಒಂದು ಪದ ಸಾಕು.

ರೊಜಾರಿಯೊ ಇಗರ್ಜಿಯ ಹುಟ್ಟು 1568ರದ್ದು. ಪೋರ್ಚುಗೀಸರು ಮಂಗಳೂರಿನಲ್ಲಿ ಕೋಟೆ ಕಟ್ಟಿಕೊಂಡು ವ್ಯಾಪಾರಕ್ಕೆ ಕೂತ ಕಾಲ. ಉಳ್ಳಾಲದ ರಾಣಿಯರೊಂದಿಗೆ ಒಮ್ಮೆ ಒಪ್ಪಂದ, ಒಮ್ಮೆ ಯುದ್ಧ. 1623ರ ಕೊನೆಗೆ ಇಲ್ಲಿಗೆ ಬಂದ ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲೆ, ಉಳ್ಳಾಲದ ರಾಣಿಯನ್ನು ಕಂಡು ಮಾತಾಡಿಸಿದವನು, ಮಂಗಳೂರಿನ ಇಗರ್ಜಿಗಳನ್ನೂ ಬರೆದಿಟ್ಟಿದ್ದಾನೆ. ಆಗಿನ ಕಟ್ಟಡದಲ್ಲಿ ಇಂದು ಉಳಿದದ್ದು ಬಹಳ ಕಡಿಮೆ. ಅದರಲ್ಲಿ ಮುಖ್ಯವಾದದ್ದು ಪೋರ್ಚುಗಲ್ ಅರಸರ ಲಾಂಛನ ಕೆತ್ತಿದ ಕಲ್ಲು. ಗೋಪುರ ನೋಡುತ್ತ ತಲೆಯೆತ್ತಿ ಒಳಗೆ ಹೋಗುವವರ ಕಣ್ಣಿಗೆ ಅದು ಬೀಳುವುದೇ ಇಲ್ಲ. ಕೇಳಿ ತಿಳಿದುಕೊಂಡು, ಎದುರು ನಿಂತು ನೋಡಬೇಕು.

ಈಗ ಕಾಣುವ ಕೆಥೆಡ್ರಲ್ 20ನೆಯ ಶತಮಾನದ ಆರಂಭದ ದಶಕಗಳಲ್ಲಿ ಎದ್ದದ್ದು. ಮಂಗಳೂರಿನ ಬೇರೆ ಇಗರ್ಜಿಗಳು ಹಂಚಿನ ಇಳಿಜಾರು ಮಾಡಿನವು; ಇದಕ್ಕೆ ದೊಡ್ಡ ಗುಮ್ಮಟ. ಗುಮ್ಮಟದ ತುದಿಯ ಶಿಲುಬೆಗೆ ರಾತ್ರಿ ದೀಪ ಹಚ್ಚುತ್ತಾರೆ, ಕಡಲಿಗೆ ಹೋದವರಿಗೆ ಅದು ದಡದ ಗುರುತು. ಒಳಗೆ ಹೋದವರು ಗುಮ್ಮಟದ ಕೆಳಗೆ, ನಡುದಾರಿ ಮತ್ತು ಅಡ್ಡದಾರಿ ಕೂಡುವ ಜಾಗದಲ್ಲಿ ನಿಂತು ಮೇಲೆ ನೋಡಬೇಕು. ಹಂಚಿನ ಮಾಡಿನ ಭಾರ ಎರಡು ಬದಿಯ ಗೋಡೆಗಳ ಉದ್ದಕ್ಕೂ ಹರಡಿ ಕೆಳಗಿಳಿಯುತ್ತದೆ. ಗುಮ್ಮಟದ ಭಾರ ಹಾಗಲ್ಲ, ಕಮಾನುಗಳ ಮೇಲೆ ಜಾರಿ ನಾಲ್ಕು ಕಂಬಗಳಿಗೇ ಬಂದು ಕೂರುತ್ತದೆ. ಅದಕ್ಕೇ ಆ ಕಂಬಗಳು ಅಷ್ಟು ದಪ್ಪ. ಮುರಕಲ್ಲಿನ, ಎಂದರೆ ಜಂಬಿಟ್ಟಿಗೆಯ ನಾಡಿನಲ್ಲಿ ಇಂಥ ಗುಮ್ಮಟ ಎಬ್ಬಿಸುವುದು ಧೈರ್ಯದ ಕೆಲಸ. ಮುರಕಲ್ಲು ಕಡಿಯುವಾಗ ಮೆತ್ತಗೆ, ಗಾಳಿಗೆ ಬಿಟ್ಟರೆ ಗಟ್ಟಿ. ಆದರೆ ಮೈತುಂಬ ತೂತು, ನೀರು ಹೀರುವ ಗುಣ ಬಿಡದು. ಈ ಮಾತನ್ನು ನೆನಪಿಡಿ, ಮಧ್ಯಾಹ್ನ ಗುಡ್ಡದ ಮೇಲೆ ಇದೇ ಕಲ್ಲಿನ ಚಾಳಿ ಮತ್ತೆ ಎದುರಾಗುತ್ತದೆ.

ಕೆಥೆಡ್ರಲ್ಲಿನ ಆವರಣದಲ್ಲೇ ರೊಜಾರಿಯೊ ಶಾಲೆ, ಹತ್ತಿರದಲ್ಲೇ ಸಂತ ಆನ್ನಳ ಕಾನ್ವೆಂಟು. ಈ ಕಾನ್ವೆಂಟಿನ ಗೇಟಿನ ಮುಂದೆ ಎರಡು ನಿಮಿಷ ನಿಲ್ಲುವುದು ನ್ಯಾಯ. 1870ರ ನವೆಂಬರಿನಲ್ಲಿ ಅಪೊಸ್ತಲಿಕ್ ಕಾರ್ಮೆಲ್ ಸಭೆಯ ಮೂವರು ಧರ್ಮಭಗಿನಿಯರು ಫ್ರಾನ್ಸಿನಿಂದ ಇಲ್ಲಿಗೆ ಬಂದರು. ಸಭೆಯನ್ನು 1868ರಲ್ಲಿ ಫ್ರಾನ್ಸಿನ ಬಯೋನ್ ಪಟ್ಟಣದಲ್ಲಿ ಸ್ಥಾಪಿಸಿದವರು ಮದರ್ ವೆರೋನಿಕಾ. ಕಾನ್‌ಸ್ಟಾಂಟಿನೋಪಲ್ಲಿನಲ್ಲಿ ಹುಟ್ಟಿದ ಇಂಗ್ಲಿಷ್ ಹೆಣ್ಣುಮಗಳು. ಕರೆಸಿಕೊಂಡವರು ಆಗ ಮಂಗಳೂರಿನ ಧರ್ಮಾಧ್ಯಕ್ಷರಾಗಿದ್ದ ಮಾರಿ ಎಫ್ರೆಮ್. ಉದ್ದೇಶ ಒಂದೇ, ಹೆಣ್ಣುಮಕ್ಕಳ ಶಾಲೆ. ಗಂಡುಮಕ್ಕಳಿಗೆ ಹೇಗೋ ಅಲ್ಲಿ ಇಲ್ಲಿ ಓದಿನ ದಾರಿಯಿತ್ತು. ಹುಡುಗಿಯರನ್ನು ಮನೆಯಿಂದ ಹೊರಗೆ, ಅದೂ ಗಂಡಸರ ಬಳಿ, ಕಲಿಯಲು ಕಳಿಸುವವರು ವಿರಳ. ಕಲಿಸುವವರೂ ಹೆಂಗಸರೇ ಆದಾಗ ಆ ತಡೆ ಸಡಿಲವಾಯಿತು. ಇದೇ ಸಭೆ 1921ರಲ್ಲಿ ಸಂತ ಆಗ್ನೆಸ್ ಕಾಲೇಜನ್ನು ತೆರೆಯಿತು. ಐವತ್ತೊಂದು ವರ್ಷದಲ್ಲಿ ಅಕ್ಷರಮಾಲೆಯಿಂದ ಪದವಿಯ ತನಕ. ದಕ್ಷಿಣ ಕನ್ನಡದ ಹೆಣ್ಣುಮಕ್ಕಳ ಓದಿನ ಚರಿತ್ರೆಯಲ್ಲಿ ಈ ಗೇಟಿಗಿರುವ ಜಾಗ ಗುಮ್ಮಟಕ್ಕಿಂತ ಕಡಿಮೆಯದಲ್ಲ.

ರೊಜಾರಿಯೊದಿಂದ ಈಶಾನ್ಯಕ್ಕೆ, ಹಂಪನಕಟ್ಟೆಯ ಗದ್ದಲದ ನಡುವೆ ಮಿಲಾಗ್ರಿಸ್. ಸೆಂಟ್ರಲ್ ರೈಲು ನಿಲ್ದಾಣದಿಂದ ಬರುವವರಿಗೆ ಇದೇ ಹತ್ತಿರ. ಕೊಂಕಣಿಯಲ್ಲಿ ಮಿಲಾರ್; ಪವಾಡಗಳ ಮಾತೆಯ ಇಗರ್ಜಿ. 1680ರಲ್ಲಿ ಇದನ್ನು ಕಟ್ಟಿಸಿದವರು ಬಿಷಪ್ ತೋಮಸ್ ದೆ ಕಾಸ್ತ್ರೊ, ಗೋವೆಯ ದಿವಾಡಿಯವರು, ಥಿಯಾಟಿನ್ ಸಭೆಯ ಗುರು. ಜಾಗ ಕೊಟ್ಟವಳು ಕೆಳದಿಯ ರಾಣಿ ಚೆನ್ನಮ್ಮ. ಶಿವಾಜಿಯ ಮಗ ರಾಜಾರಾಮನಿಗೆ ಆಶ್ರಯ ಕೊಟ್ಟು ಔರಂಗಜೇಬನ ಸೈನ್ಯವನ್ನು ಎದುರಿಸಿದ ಅದೇ ಚೆನ್ನಮ್ಮ. ವೀರಶೈವ ರಾಣಿಯೊಬ್ಬಳ ಭೂಮಿಯ ಮೇಲೆ ಗೋವೆಯ ಕೊಂಕಣಿ ಬಿಷಪ್ಪರೊಬ್ಬರು ಎಬ್ಬಿಸಿದ ಇಗರ್ಜಿ ಇದು. ಇದರಲ್ಲಿ ಉದಾರತೆ ಇದ್ದ ಹಾಗೆಯೇ ಲೆಕ್ಕಾಚಾರವೂ ಇತ್ತು: ಅಕ್ಕಿ, ಕಾಳುಮೆಣಸಿನ ವ್ಯಾಪಾರಕ್ಕೆ ಕೆಳದಿಯವರಿಗೆ ಪೋರ್ಚುಗೀಸರು ಬೇಕಿತ್ತು, ಗದ್ದೆ ಮಾಡಲು ಕೈಗಳು ಬೇಕಿತ್ತು. ಗೋವೆಯಿಂದ ಯುದ್ಧ, ಬರ, ಧರ್ಮವಿಚಾರಣೆಯ ಕಾಟಕ್ಕೆ ಹೊರಟು ಬಂದ ಕೊಂಕಣಿ ಕ್ರೈಸ್ತರು ಒಳ್ಳೆಯ ಒಕ್ಕಲಿಗರಾಗಿದ್ದರು. ಬಿಷಪ್ ದೆ ಕಾಸ್ತ್ರೊ 1684ರ ಜುಲೈಯಲ್ಲಿ ತೀರಿಕೊಂಡರು. ಅವರ ಸಮಾಧಿ ಇಲ್ಲೇ ಇದೆ.

ಈಗಿನ ಕಟ್ಟಡ ಆ 1680ರದ್ದಲ್ಲ. ಎರಡನೆಯ ಮೈಸೂರು ಯುದ್ಧದಲ್ಲಿ ಕರಾವಳಿಯ ಕ್ರೈಸ್ತರು ಬ್ರಿಟಿಷರಿಗೆ ನೆರವಾದರೆಂಬ ಆಪಾದನೆಯ ಮೇಲೆ ಟಿಪ್ಪು ಸುಲ್ತಾನ್ ಅವರನ್ನು ಸೆರೆಹಿಡಿದು ಘಟ್ಟದ ಮೇಲೆ ಶ್ರೀರಂಗಪಟ್ಟಣಕ್ಕೆ ನಡೆಸಿದ. 1784ರ ಫೆಬ್ರವರಿಯ ಬೂದಿ ಬುಧವಾರ ಎಂದು ಸಮುದಾಯದ ನೆನಪು ಆ ದಿನವನ್ನು ಹಿಡಿದಿಟ್ಟಿದೆ. ಎಷ್ಟು ಮಂದಿ ಎಂಬ ಬಗ್ಗೆ ಇತಿಹಾಸಕಾರರ ಲೆಕ್ಕಗಳು ಹೊಂದುವುದಿಲ್ಲ, ಹತ್ತಾರು ಸಾವಿರ ಎಂಬುದರಲ್ಲಿ ಹೆಚ್ಚು ತಕರಾರಿಲ್ಲ. ಇಗರ್ಜಿಗಳನ್ನು ಕೆಡವಲಾಯಿತು, ಮಿಲಾಗ್ರಿಸ್, ರೊಜಾರಿಯೊ ಎರಡೂ ಹೋದವು. ಮೂಡುಬಿದಿರೆಯ ಹೊಸಬೆಟ್ಟಿನ ಇಗರ್ಜಿ ಉಳಿಯಿತು. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದ ಮೇಲೆ ಬದುಕುಳಿದವರು ಇಳಿದು ಬಂದು, ಹೋಗಿದ್ದ ಹೊಲಮನೆಗಳಲ್ಲಿ ಆದಷ್ಟನ್ನು ಬಿಡಿಸಿಕೊಂಡು, ಇಗರ್ಜಿಗಳನ್ನು ಮತ್ತೆ ಕಟ್ಟಿಕೊಂಡರು. ಮಂಗಳೂರಿನ ಬಹುತೇಕ ಕ್ರೈಸ್ತ ಕುಟುಂಬಗಳಿಗೆ ತಮ್ಮ ಲಿಖಿತ ಚರಿತ್ರೆ ಶುರುವಾಗುವುದು ಇಲ್ಲಿಂದ, ಈ ಮರಳುವಿಕೆಯಿಂದ.

ಮಿಲಾಗ್ರಿಸ್‌ಗೆ ಬಂದವರು ಸ್ಮಶಾನವನ್ನು ನೋಡದೆ ಹೋಗಬಾರದು. ಕಾರಣ ಅಕ್ಷರ. ಇಂಗ್ಲಿಷಿನ ಕಲ್ಲುಗಳ ನಡುವೆ ಕನ್ನಡ ಲಿಪಿಯ ಕಲ್ಲುಗಳು ಸಿಗುತ್ತವೆ. ಹತ್ತಿರ ಹೋಗಿ ಓದಿದರೆ ಅಕ್ಷರ ಕನ್ನಡದ್ದು, ಮಾತು ಕನ್ನಡದ್ದಲ್ಲ. ಕನ್ನಡದ ಪದ ಸ್ವರದಲ್ಲಿ ಮುಗಿಯುವುದು ವಾಡಿಕೆ: ದೇವರು, ತಾಯಿ, ಮರಣ. ಇಲ್ಲಿ ಅವು ‘ದೇವ್’, ‘ಆವಯ್’, ‘ಮರಣ್’. ಪದದ ಕೊನೆಯಲ್ಲಿ ಒಂದು ಅರ್ಧಾಕ್ಷರ, ನಾಲಗೆ ಅಲ್ಲೇ ನಿಲ್ಲುತ್ತದೆ. ಇನ್ನು ಕೆಲವು ಪದಗಳ ತುದಿಗೆ ಸೊನ್ನೆ: ‘ಬರೆಂ’, ‘ಕರುಂ’. ಕನ್ನಡಿಗರು ಆ ಸೊನ್ನೆಯನ್ನು ‘ಮ್’ ಎಂದು ಓದಿಬಿಡುತ್ತಾರೆ. ಅದು ತುಟಿ ಮುಚ್ಚುವ ಮಕಾರವಲ್ಲ, ಮೂಗಿನಲ್ಲಿ ಹೊರಡುವ ಸ್ವರ. ‘ದೇವ್ ಬರೆಂ ಕರುಂ’ ಎಂದರೆ ದೇವರು ಒಳ್ಳೆಯದು ಮಾಡಲಿ. ಮಂಗಳೂರಿನ ಕೊಂಕಣಿಯಲ್ಲಿ ಧನ್ಯವಾದ ಹೇಳುವುದೇ ಹೀಗೆ.

ಗೋವೆಯ ಕ್ರೈಸ್ತರು ಇದೇ ಕೊಂಕಣಿಯನ್ನು ರೋಮನ್ ಲಿಪಿಯಲ್ಲಿ ಬರೆಯುತ್ತಾರೆ. ಒಂದೇ ಬೇರಿನ ಜನ, ಒಂದೇ ಪ್ರಾರ್ಥನೆ, ಲಿಪಿ ಮಾತ್ರ ಬೇರೆ. ಯಾಕೆ? ಉತ್ತರ ಪಕ್ಕದ ಶಾಲೆಯ ಕರಿಹಲಗೆಯಲ್ಲಿದೆ. ಇಲ್ಲಿನ ಮಗು ಮನೆಯಲ್ಲಿ ಕೊಂಕಣಿ, ಬೀದಿಯಲ್ಲಿ ತುಳು, ಶಾಲೆಯಲ್ಲಿ ಕನ್ನಡ ಕಲಿತದ್ದು. ಮೊದಲು ಕೈಗೆ ಹತ್ತಿದ ಅಕ್ಷರ ಅ, ಆ, ಇ, ಈ. ಜಪ ಬರೆದುಕೊಳ್ಳಲು, ಮುಂಬಯಿಗೆ ದುಡಿಯಲು ಹೋದ ಮಗನಿಗೆ ಕಾಗದ ಬರೆಯಲು ಆ ಅಕ್ಷರವೇ ಒದಗಿತು. 1912ರಲ್ಲಿ ‘ಕೊಂಕಣಿ ದಿರ್ವೆಂ’ ಪತ್ರಿಕೆ, 1938ರಲ್ಲಿ ಧರ್ಮಪ್ರಾಂತದ ವಾರಪತ್ರಿಕೆ ‘ರಾಕ್ಣೊ’ ಹೊರಟಾಗ ಓದುವವರು ಸಿದ್ಧವಾಗಿದ್ದರು. ಇಗರ್ಜಿಯ ಕೊಂಕಣಿಗೆ ಲಿಪಿ ಕೊಟ್ಟದ್ದು ಶಾಲೆಯ ಕನ್ನಡ. ಇದು ಯಾರೂ ಸಭೆ ಸೇರಿ ತೀರ್ಮಾನಿಸಿದ್ದಲ್ಲ, ಬಳಪ ಹಿಡಿದ ಕೈಗಳು ತಾವಾಗಿ ಮಾಡಿದ್ದು. ಕನ್ನಡ ಮಾಧ್ಯಮದ ತರಗತಿಗಳು ಒಂದೊಂದಾಗಿ ಮುಚ್ಚುತ್ತಿರುವ ಈ ದಿನಗಳಲ್ಲಿ ಕೊಂಕಣಿ ಪತ್ರಿಕೆಗಳಿಗೂ ಓದುಗರು ಕಡಿಮೆಯಾಗುವುದು ಅದಕ್ಕೇ. ಬೇರು ಒಂದೇ.

ಪೂರ್ವಿಕರ ಜಾಡು ಹುಡುಕಿ ಬರುವವರು ಇತ್ತೀಚೆಗೆ ಹೆಚ್ಚು. ಮುಂಬಯಿ, ಕೊಲ್ಲಿ, ಕೆನಡಾಗಳಿಂದ ಬಂದು, ಅಜ್ಜನ ಹೆಸರು ಹೇಳಿ, ದಾಖಲೆ ಇದೆಯೇ ಎಂದು ಇಗರ್ಜಿಯ ಕಚೇರಿಯಲ್ಲಿ ಕೇಳುತ್ತಾರೆ. ಅಂಥವರಿಗೆ ಕೆಲವು ಮಾತು. ಪ್ರತಿ ಧರ್ಮಕೇಂದ್ರದಲ್ಲೂ ಸ್ನಾನದೀಕ್ಷೆ, ಮದುವೆ, ಮರಣ ಈ ಮೂರಕ್ಕೆ ಬೇರೆ ಬೇರೆ ಪುಸ್ತಕ. ಸ್ನಾನದೀಕ್ಷೆಯ ದಾಖಲೆಯಲ್ಲಿ ಮಗುವಿನ ಹೆಸರು, ಹುಟ್ಟಿದ ದಿನ, ತಂದೆತಾಯಿ, ಜ್ಞಾನ ತಂದೆತಾಯಿ, ನೀರು ಹೊಯ್ದ ಗುರುವಿನ ಸಹಿ ಇರುತ್ತವೆ. ಮುಂದೆ ಆ ಮಗುವಿಗೆ ಮದುವೆಯಾದಾಗ ಅದೇ ಪುಟದ ಅಂಚಿನಲ್ಲಿ ಟಿಪ್ಪಣಿ ಬರೆಯುವುದು ನಿಯಮ. ಹಾಗಾಗಿ ಒಂದು ಪುಟ ಸಿಕ್ಕರೆ ಅದು ಮುಂದಿನ ಪುಟಕ್ಕೆ ದಾರಿ ತೋರಿಸುತ್ತದೆ. ಹಳೆಯ ಬರಹ ಪೋರ್ಚುಗೀಸಿನಲ್ಲೋ ಲ್ಯಾಟಿನ್ನಿನಲ್ಲೋ ಇರಬಹುದು. ‘ಫಿಲಿಯುಸ್’ ಎಂದರೆ ಮಗ, ‘ಫಿಲಿಯಾ’ ಮಗಳು, ‘ಪಾತ್ರಿನುಸ್’ ಜ್ಞಾನ ತಂದೆ. ಇಷ್ಟು ತಿಳಿದರೂ ಅರ್ಧ ಓದಿದಂತೆ.

ಹುಡುಕಾಟ ತಪ್ಪುವುದು ಸಾಮಾನ್ಯವಾಗಿ ಎರಡು ಕಡೆ. ಒಂದು, ಹೆಸರು. ಮೊದಲ ಮೊಮ್ಮಗನಿಗೆ ಅಜ್ಜನ ಹೆಸರಿಡುವ ರೂಢಿಯಿಂದ ಒಂದೇ ವಾಡೊದಲ್ಲಿ ನಾಲ್ವರು ಜುವಾಂವ್ ಡಿಸೋಜರು ಇರುತ್ತಾರೆ. ಮನೆಯಲ್ಲಿ ಕರೆಯುವ ಹೆಸರೇ ಬೇರೆ, ಪುಸ್ತಕದ ಹೆಸರೇ ಬೇರೆ: ಮನೆಯ ಜಾಕಿ ಪುಸ್ತಕದಲ್ಲಿ ಜೋಕಿಂ. ತಾಯಿಯ ಹೆಸರು ಅಥವಾ ಜ್ಞಾನ ತಂದೆಯ ಹೆಸರು ಹೊಂದಿದರೆ ಮಾತ್ರ ನಂಬಬೇಕು. ಇನ್ನೊಂದು, ಇಗರ್ಜಿ. ಫಿರ್ಗಜ್ ದೊಡ್ಡದಾದಂತೆ ಅದನ್ನು ಒಡೆದು ಹೊಸದು ಮಾಡುತ್ತಾರೆ. ಅಜ್ಜಿಯ ಮನೆ ಈಗ ಯಾವ ಇಗರ್ಜಿಗೆ ಸೇರಿದೆ ಎಂಬುದು ಮುಖ್ಯವಲ್ಲ, ಅವರು ಹುಟ್ಟಿದ ವರ್ಷ ಯಾವುದಕ್ಕೆ ಸೇರಿತ್ತು ಎಂಬುದು ಮುಖ್ಯ. ಮೊದಲೇ ಕಾಗದ ಬರೆದು, ಅಂದಾಜು ವರ್ಷ, ವಾಡೊ, ತಂದೆತಾಯಿಯ ಹೆಸರು ತಿಳಿಸಿ ಹೋಗಬೇಕು. ಪುಸ್ತಕವನ್ನು ನಮ್ಮ ಕೈಗೆ ಕೊಡಬೇಕೆಂದು ಹಟ ಹಿಡಿಯುವುದು ಬೇಡ. ನೂರು ವರ್ಷದ ಕಾಗದ ಬೆವರಿನ ಬೆರಳಿಗೆ ಮುರಿಯುತ್ತದೆ.

ಮಿಲಾಗ್ರಿಸ್‌ನ ವಿಗಾರರಾಗಿದ್ದ ಫಾದರ್ ಫ್ರಾಂಕ್ ಪಿರೇರಾ ಅವರ ಹೆಸರನ್ನೂ ಇಲ್ಲಿ ಹೇಳಬೇಕು. ಜೆಪ್ಪುವಿನಲ್ಲಿ ಈಗಲೂ ವೃದ್ಧರನ್ನೂ ಅನಾಥ ಮಕ್ಕಳನ್ನೂ ಸಾಕುತ್ತಿರುವ ಸಂತ ಅಂತೋಣಿ ಆಶ್ರಮ 1898ರಲ್ಲಿ ಅವರಿಂದ ಶುರುವಾಯಿತು.

ಊಟವಾದ ಮೇಲೆ ಲೈಟ್‌ಹೌಸ್ ಹಿಲ್ ರಸ್ತೆಯ ಏರು. ಈ ಗುಡ್ಡಕ್ಕೆ ಬಾವುಟಗುಡ್ಡೆ ಎಂಬ ಹೆಸರೇ ಹೆಚ್ಚು ಅರ್ಥವುಳ್ಳದ್ದು. 1837ರ ಏಪ್ರಿಲಿನಲ್ಲಿ ಅಮರಸುಳ್ಯದ ರೈತರು ಕಂಪನಿ ಸರಕಾರದ ವಿರುದ್ಧ ದಂಡೆದ್ದು ಬಂದು, ಮಂಗಳೂರನ್ನು ಹಿಡಿದು, ಇಲ್ಲಿ ತಮ್ಮ ಬಾವುಟ ಹಾರಿಸಿ ಹದಿಮೂರು ದಿನ ಆಳಿದರು. ಇದೇ ಗುಡ್ಡದ ಮೇಲೆ ಈದ್ಗಾ ಇದೆ, ಅದರಾಚೆ ಅಲೋಶಿಯಸ್.

ಕಥೋಲಿಕ ಗುರುಗಳ ಒಂದು ಸಭೆಯವರಾದ ಜೆಸ್ವಿಟರು ಇಲ್ಲಿಗೆ ಬರಲು ಹಿನ್ನೆಲೆ ಒಂದು ದೀರ್ಘ ಜಗಳ. ಮಂಗಳೂರಿನ ಇಗರ್ಜಿಗಳು ಗೋವೆಯ ಆರ್ಚ್‌ಬಿಷಪ್ಪರ, ಎಂದರೆ ಪೋರ್ಚುಗಲ್ ಅರಸೊತ್ತಿಗೆಯ ‘ಪದ್ರುವಾದೊ’ ಅಧಿಕಾರಕ್ಕೆ ಸೇರಬೇಕೋ, ನೇರ ರೋಮಿನ ‘ಪ್ರೊಪಗಾಂಡ’ ಇಲಾಖೆಗೋ ಎಂದು 19ನೆಯ ಶತಮಾನದ ಬಹುಭಾಗ ಊರು ಎರಡಾಗಿತ್ತು. ಒಂದೇ ಮನೆಯ ಅಣ್ಣತಮ್ಮಂದಿರು ಬೇರೆ ಬೇರೆ ಇಗರ್ಜಿಗೆ ಹೋಗುತ್ತಿದ್ದ ದಿನಗಳು. ಇದರ ಜೊತೆ ಇನ್ನೊಂದು ಒತ್ತಡ: 1834ರಲ್ಲಿ ಬಂದ ಪ್ರೊಟೆಸ್ಟಂಟರ ಬಾಸೆಲ್ ಮಿಷನ್ ಆಗಲೇ ಶಾಲೆ, ಅಚ್ಚುಕೂಟ ತೆರೆದಿತ್ತು, 1843ರಲ್ಲಿ ‘ಮಂಗಳೂರ ಸಮಾಚಾರ’ವನ್ನೂ ಹೊರಡಿಸಿತ್ತು. ಕಥೋಲಿಕರ ಮಕ್ಕಳಿಗೆ ಉನ್ನತ ಶಿಕ್ಷಣ ಬೇಕೆಂದರೆ ಸ್ವಂತ ಕಾಲೇಜು ಇರಲಿಲ್ಲ. ಊರ ಹಿರಿಯರು ರೋಮಿಗೆ ಮನವಿಯ ಮೇಲೆ ಮನವಿ ಕಳಿಸಿ ಜೆಸ್ವಿಟರನ್ನು ಕೇಳಿದರು. 1878ರ ಡಿಸೆಂಬರ್ 31ರಂದು ಮೊದಲ ತಂಡ ಬಂದಿಳಿಯಿತು. 1880ರ ಜನವರಿ 12ಕ್ಕೆ ಕಾಲೇಜು ಶುರು. ಈ ಗುಡ್ಡದ ಜಾಗವನ್ನು ದಾನ ಕೊಟ್ಟವರು ಲಾರೆನ್ಸ್ ಲೋಬೊ ಪ್ರಭು. 1882ರಲ್ಲಿ ಅಡಿಗಲ್ಲು. ಮಂಗಳೂರು ಆಗ ಮದ್ರಾಸ್ ಪ್ರಾಂತ್ಯದಲ್ಲಿತ್ತು. ಹುಡುಗರು ಬರೆದದ್ದು ಮದ್ರಾಸ್ ವಿಶ್ವವಿದ್ಯಾಲಯದ ಪರೀಕ್ಷೆ. 2024ರಲ್ಲಿ ಇದು ಡೀಮ್ಡ್ ವಿಶ್ವವಿದ್ಯಾಲಯವಾಯಿತು.

ಆ ತಲೆಮಾರಿನ ಜೆಸ್ವಿಟರಲ್ಲಿ ಇಬ್ಬರನ್ನು ಕನ್ನಡ ನಾಡು ಮರೆಯಬಾರದು. ಜರ್ಮನಿಯ ಆಗಸ್ಟಸ್ ಮುಲ್ಲರ್ 1880ರಲ್ಲಿ ಹೋಮಿಯೋಪಥಿ ಔಷಧ ಹಂಚಲು ಶುರುಮಾಡಿದ್ದು ಇಂದಿನ ಕಂಕನಾಡಿಯ ದೊಡ್ಡ ಆಸ್ಪತ್ರೆಯ ಮೊಳಕೆ. ಇಟಲಿಯ ಆಂಜೆಲೊ ಮಾಫೆಯಿ 1882ರಲ್ಲಿ ಕೊಂಕಣಿ ವ್ಯಾಕರಣ, ಮರುವರ್ಷವೇ ಇಂಗ್ಲಿಷ್-ಕೊಂಕಣಿ ನಿಘಂಟು ತಂದರು. ಎರಡೂ ಅಚ್ಚಾದದ್ದು ಬಾಸೆಲ್ ಮಿಷನ್ ಅಚ್ಚುಕೂಟದಲ್ಲಿ. ಶಾಲೆಗಳ ವಿಷಯದಲ್ಲಿ ಸ್ಪರ್ಧಿಗಳಾಗಿದ್ದವರು ಭಾಷೆಯ ಕೆಲಸದಲ್ಲಿ ಒಬ್ಬರಿಗೊಬ್ಬರು ಒದಗಿದರು.

ಈಗ ಚಾಪೆಲ್. ಹೊರಗಿನಿಂದ ಸಾದಾ ಕಟ್ಟಡ. ಶಾಲೆಯ ಇನ್ನೊಂದು ಹಜಾರ ಎಂದು ದಾಟಿ ಹೋಗಿಬಿಡಬಹುದು. ಒಳಗೆ ಕಾಲಿಟ್ಟರೆ ಗೋಡೆ, ಕಮಾನು, ಚಾವಣಿ ಎಲ್ಲೂ ಅಂಗೈಯಗಲ ಖಾಲಿ ಜಾಗವಿಲ್ಲ. ಬರೆದವರು ಆಂತೋನಿಯೊ ಮೊಸ್ಕೇನಿ. 1854ರಲ್ಲಿ ಇಟಲಿಯ ಬೆರ್ಗಾಮೊ ಬಳಿಯ ಸ್ಟೆಜ್ಜಾನೊದಲ್ಲಿ ಹುಟ್ಟಿ, ಬೆರ್ಗಾಮೊದ ಕಲಾಶಾಲೆಯಲ್ಲಿ ಕಲಿತು, ಮೂವತ್ತೈದರ ಪ್ರಾಯದಲ್ಲಿ ಜೆಸ್ವಿಟ್ ಸಭೆಗೆ ಸೇರಿದವರು. ಗುರುವಾಗಲಿಲ್ಲ, ಕೊನೆಯವರೆಗೂ ಬ್ರದರ್. 1899ರಲ್ಲಿ ಇಲ್ಲಿ ಕುಂಚ ಹಿಡಿದು ಎರಡು ವರ್ಷದ ಆಸುಪಾಸಿನಲ್ಲಿ ಇಷ್ಟನ್ನೂ ಮುಗಿಸಿದರು. 1905ರಲ್ಲಿ ಕೊಚ್ಚಿಯಲ್ಲಿ ತೀರಿಕೊಂಡರು, ಐವತ್ತೊಂದರ ಹರಯದಲ್ಲಿ.

ಗೋಡೆಯ ಮೇಲಿನದು ಫ್ರೆಸ್ಕೊ, ಚಾವಣಿಯಲ್ಲಿ ಕ್ಯಾನ್ವಾಸಿನ ಮೇಲೆ ತೈಲವರ್ಣ. ಈ ವ್ಯತ್ಯಾಸ ಗೊತ್ತಿದ್ದರೆ ನೋಡುವ ಕಣ್ಣು ಬದಲಾಗುತ್ತದೆ. ಫ್ರೆಸ್ಕೊ ಎಂದರೆ ಹಸಿ ಗಾರೆಯ ಮೇಲೆ ಬರೆಯುವುದು. ಸುಟ್ಟ ಸುಣ್ಣವನ್ನು ನೀರಿನಲ್ಲಿ ಅರಳಿಸಿ ತಿಂಗಳುಗಟ್ಟಲೆ ಗುಂಡಿಯಲ್ಲಿ ಕೊಳೆಯಿಡಬೇಕು; ಅವಸರ ಮಾಡಿದರೆ ಅರಳದೆ ಉಳಿದ ಕಾಳು ಗೋಡೆಗೆ ಹೋದ ಮೇಲೆ ಅರಳಿ ಬಣ್ಣವನ್ನು ಚಿಟುಕೆಯಷ್ಟಗಲ ಹಾರಿಸುತ್ತದೆ. ಒಂದು ಪಾಲು ಸುಣ್ಣಕ್ಕೆ ಎರಡು ಪಾಲು ಉಪ್ಪಿಲ್ಲದ ಮರಳು ಸೇರಿಸಿ ಒರಟು ಗಾರೆಯ ಪದರ ಕೊಡುತ್ತಾರೆ. ಕಡಲ ತಡಿಯಲ್ಲಿ ಕಡಲ ಮರಳು ಬಳಸುವಂತಿಲ್ಲ. ಅದು ಒಣಗಿದ ಮೇಲೆ, ಆ ದಿನ ಬರೆದು ಮುಗಿಸಬಲ್ಲಷ್ಟು ಜಾಗಕ್ಕೆ ಮಾತ್ರ ನಯವಾದ ತೆಳು ಪದರ, ಕೆಲವು ಮಿಲಿಮೀಟರು ದಪ್ಪ. ಕಾಗದದಲ್ಲಿ ಬರೆದ ರೇಖೆಗೆ ಸೂಜಿಯಿಂದ ತೂತು ಕೊರೆದು, ಹಸಿ ಗೋಡೆಗೆ ಒತ್ತಿ, ಬಟ್ಟೆಯ ಗಂಟಿನಲ್ಲಿ ಇದ್ದಿಲ ಪುಡಿ ತಟ್ಟಿದರೆ ಚುಕ್ಕಿಗಳ ರೂಪದಲ್ಲಿ ಚಿತ್ರ ಇಳಿಯುತ್ತದೆ. ನಮ್ಮ ರಂಗೋಲಿ ಕೊಳವೆ, ತೂತಿನ ತಗಡುಗಳ ಉಪಾಯವೇ ಇದು.

ಆಮೇಲೆ ಸಿಗುವುದು ಆರೇಳು ಗಂಟೆ. ಬರೀ ನೀರಿನಲ್ಲಿ ಕಲಸಿದ ಬಣ್ಣವನ್ನು ಹಸಿ ಸುಣ್ಣ ಹೀರಿಕೊಳ್ಳುತ್ತದೆ. ಸುಣ್ಣ ಗಾಳಿಯ ಇಂಗಾಲದ ಡೈಆಕ್ಸೈಡಿನೊಂದಿಗೆ ಕೂಡಿ ಮತ್ತೆ ಕಲ್ಲಾಗುವಾಗ ಬಣ್ಣದ ಕಣಗಳು ಆ ಕಲ್ಲಿನೊಳಗೇ ಸೆರೆಯಾಗುತ್ತವೆ. ಅಂಟು ಬೇಕಿಲ್ಲ. ತಪ್ಪಿದರೆ ಅಳಿಸಲಾಗದು, ಆ ತುಂಡನ್ನು ಕೆತ್ತಿ ತೆಗೆದು ಮತ್ತೆ ಗಾರೆ ಹಾಕಬೇಕು. ಎಲ್ಲ ಬಣ್ಣಗಳೂ ಸುಣ್ಣದ ಖಾರ ತಡೆಯವು: ಕಾವಿ, ಹಳದಿ ಮಣ್ಣು, ಹಸಿರು ಮಣ್ಣು ನಿಲ್ಲುತ್ತವೆ, ಸೀಸದ ಬಿಳಿ ಕಪ್ಪಾಗುತ್ತದೆ. ಒಂದು ದಿನದ ಗಾರೆಗೂ ಮರುದಿನದ ಗಾರೆಗೂ ನಡುವೆ ಕೂದಲೆಳೆಯ ಸಂದು ಉಳಿಯುತ್ತದೆ. ಫ್ರೆಸ್ಕೊ ನೋಡುವಾಗ ಎದುರು ನಿಲ್ಲದೆ ಕಿಟಕಿಯ ಬೆಳಕು ಓರೆಯಾಗಿ ಬೀಳುವ ಕಡೆ ಗೋಡೆಗೆ ಪಕ್ಕವಾಗಿ ನಿಂತರೆ ಅಂಥ ಸಂದುಗಳನ್ನು ಹುಡುಕಬಹುದು. ಸಾಮಾನ್ಯವಾಗಿ ನಿಲುವಂಗಿಯ ಅಂಚಿನಲ್ಲೋ ನೆರಳಿನ ಗಡಿಯಲ್ಲೋ ಅವನ್ನು ಅಡಗಿಸಿರುತ್ತಾರೆ. ಟಾರ್ಚು ಹಾಕಬಾರದು, ಗೋಡೆ ಮುಟ್ಟಬಾರದು. ಒಳಗೆ ಫೋಟೊ ತೆಗೆಯಲು ಬಿಡುವುದಿಲ್ಲ, ಅದು ಒಳ್ಳೆಯದೇ. ಕತ್ತೆತ್ತಿ ನೋಡಲು ಆಗ ಪುರುಸೊತ್ತಾಗುತ್ತದೆ.

ಚಾವಣಿಯಲ್ಲಿರುವುದು ಸಂತ ಅಲೋಶಿಯಸ್ ಗೊನ್ಜಾಗರ ಬದುಕು. ಹುಟ್ಟು 1568, ಇಟಲಿಯ ಕಾಸ್ತಿಲ್ಯೋನೆಯ ಪ್ರಭುಮನೆತನದಲ್ಲಿ. ಬೆಳಗ್ಗೆ ನೋಡಿದ ರೊಜಾರಿಯೊದ ವರ್ಷವೇ. ಕಾರ್ಡಿನಲ್ ಚಾರ್ಲ್ಸ್ ಬೊರೊಮೆಯೊ ಅವರ ಕೈಯಿಂದ ಮೊದಲ ಪರಮಪ್ರಸಾದ, ಹಿರಿಯ ಮಗನಾಗಿ ಬರಬೇಕಿದ್ದ ಸೀಮೆಯನ್ನು ತಮ್ಮನಿಗೆ ಬಿಟ್ಟುಕೊಟ್ಟದ್ದು, ರೋಮಿನ ಪ್ಲೇಗಿನಲ್ಲಿ ರೋಗಿಗಳ ಸೇವೆ, 1591ರಲ್ಲಿ ಇಪ್ಪತ್ತಮೂರನೆಯ ವಯಸ್ಸಿಗೆ ಸಾವು. ವಿದ್ಯಾರ್ಥಿಗಳ ಪಾಲಕ ಸಂತ. ಕಾಲೇಜಿಗೆ ಈ ಹೆಸರು ಬಂದದ್ದು ಅದಕ್ಕೆ. ದೃಶ್ಯಗಳ ನಡುವೆ ಹೂಮಾಲೆ ಹಿಡಿದ ದೇವದೂತರು.

ಇಷ್ಟನ್ನು ಮಂಗಳೂರಿನ ಮಳೆಯಲ್ಲಿ ಕಾಪಾಡುವುದು ಸುಲಭವಲ್ಲ. ಇಲ್ಲಿ ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ, ಬಹುಪಾಲು ಜೂನ್‌ನಿಂದ ಸೆಪ್ಟೆಂಬರಿನೊಳಗೆ. ಶತ್ರು ಎರಡು ಕಡೆಯಿಂದ ಬರುತ್ತದೆ. ಕೆಳಗಿನಿಂದ: ಮುರಕಲ್ಲು ನೆಲದ ತೇವವನ್ನು ಬತ್ತಿಯಂತೆ ಮೇಲೆಳೆಯುತ್ತದೆ. ತೇವದ ಜೊತೆ ಬಂದ ಉಪ್ಪು, ಬೇಸಗೆಯಲ್ಲಿ ನೀರು ಆರಿದಾಗ ಬಣ್ಣದ ಹಿಂದೆಯೇ ಹರಳುಗಟ್ಟಿ ಪದರವನ್ನು ಹಪ್ಪಳದಂತೆ ಎಬ್ಬಿಸುತ್ತದೆ. ಇಂಥ ಗೋಡೆಗೆ ಗಟ್ಟಿಯಾಗಲೆಂದು ಹೊರಗಿನಿಂದ ಸಿಮೆಂಟು ಬಳಿದರೆ ಕೆಟ್ಟಿತು. ಸುಣ್ಣ ತೇವವನ್ನು ಹೊರಗೆ ಬಿಡುತ್ತದೆ, ಸಿಮೆಂಟು ಬಿಡದು. ಹೋಗಲು ದಾರಿ ಸಿಗದ ನೀರು ಒಳಗೆ, ಚಿತ್ರದ ಕಡೆಗೆ ತಿರುಗುತ್ತದೆ. ಕರಾವಳಿಯ ಎಷ್ಟೋ ಹಳೆ ಇಗರ್ಜಿ, ಬಸದಿ, ದೇವಸ್ಥಾನಗಳಲ್ಲಿ ಒಳ್ಳೆಯ ಮನಸ್ಸಿನಿಂದ ಮಾಡಿದ ಈ ತಪ್ಪು ಕಾಣುತ್ತದೆ.

ಮೇಲಿನಿಂದ ಬರುವುದು ಸೋರುವ ನೀರು. 1865ರಲ್ಲಿ ಬಾಸೆಲ್ ಮಿಷನ್ ಜೆಪ್ಪುವಿನಲ್ಲಿ ಕಾರ್ಖಾನೆ ತೆರೆದ ಮೇಲೆ ಮಂಗಳೂರು ಹಂಚು ಊರ ಮಾಡುಗಳನ್ನೆಲ್ಲ ಹೊದಿಸಿತು. ಒಂದು ಚದರ ಮೀಟರಿಗೆ ಸುಮಾರು 15 ಹಂಚು, ಒಂದರ ಅಂಚಿನ ತೋಡು ಇನ್ನೊಂದರ ಏಣಿಗೆ ಕೂತು ನೀರು ತಡೆಯುತ್ತದೆ. ಬೆಕ್ಕು ಓಡಿದರೂ, ತೆಂಗಿನಕಾಯಿ ಬಿದ್ದರೂ ಒಂದು ಜರುಗುತ್ತದೆ. ಆ ಒಂದರ ಕೆಳಗಿನ ರೀಪು ನೆನೆದು, ಪಕಾಸಿಗೆ ಇಳಿದು, ಕ್ಯಾನ್ವಾಸಿಗೆ ಮುಟ್ಟುತ್ತದೆ. ಕ್ಯಾನ್ವಾಸು ಮಳೆಗಾಲದಲ್ಲಿ ಒಂದು ರೀತಿ, ಬೇಸಗೆಯಲ್ಲಿ ಇನ್ನೊಂದು ರೀತಿ ಬಿಗಿಯುತ್ತ ಸಡಿಲುತ್ತ ಇರುವಾಗ ಮೇಲಿನ ಒಣ ಎಣ್ಣೆಬಣ್ಣ ಅದರ ಜೊತೆ ಹಿಗ್ಗಲಾರದೆ ಬಿರಿಯುತ್ತದೆ. ಮೇ ತಿಂಗಳಲ್ಲಿ ಯಾರಾದರೂ ಮಾಡಿಗೆ ಹತ್ತಿ ಒಂದೊಂದೇ ಹಂಚು ನೋಡುವುದಕ್ಕಿಂತ ದೊಡ್ಡ ಸಂರಕ್ಷಣೆ ಹಂಚಿನ ಕಟ್ಟಡಕ್ಕೆ ಬೇರೆ ಇಲ್ಲ.

ಈ ಚಿತ್ರಗಳಿಗೂ ಶತಮಾನ ತುಂಬುವ ಮೊದಲೇ ಚಿಕಿತ್ಸೆ ಬೇಕಾಯಿತು. 1991ರಿಂದ 1994ರ ನಡುವೆ ಹಳೆಯ ಕಟ್ಟಡ, ಕಲೆಗಳನ್ನು ಕಾಪಾಡುವ ಇನ್‌ಟ್ಯಾಕ್ ಸಂಸ್ಥೆಯ ಲಖನೌ ಸಂರಕ್ಷಣಾ ಕೇಂದ್ರದ ಪರಿಣತರು ಇಲ್ಲಿ ಕೆಲಸ ಮಾಡಿದರು. ಇಂಥ ಕೆಲಸದ ಕ್ರಮ ಎಲ್ಲ ಕಡೆ ಹೆಚ್ಚುಕಡಿಮೆ ಒಂದೇ: ಮೊದಲು ಸೋರಿಕೆ ನಿಲ್ಲಿಸುವುದು, ಎದ್ದ ಪದರ ಉದುರದಂತೆ ತೆಳು ಕಾಗದ ಅಂಟಿಸಿ ಹಿಡಿಯುವುದು, ಹಿಂದಿನ ಟೊಳ್ಳಿಗೆ ಸೂಜಿಯಿಂದ ಅಂಟು ತುಂಬುವುದು, ಮೃದು ಕುಂಚದಿಂದ ಧೂಳು, ಮಸಿ ತೆಗೆಯುವುದು, ಕೊನೆಗೆ ಬಣ್ಣ ಹೋದ ಜಾಗದಲ್ಲಿ ಮಾತ್ರ, ಮುಂದೆ ಬೇಕಾದರೆ ತೆಗೆಯಬಹುದಾದ ಬಣ್ಣ ತುಂಬುವುದು. ಮೂಲದವನ ಕೈಯ ಮೇಲೆ ತನ್ನ ಕೈ ಇಡದವನೇ ಒಳ್ಳೆಯ ಸಂರಕ್ಷಕ.

ಕಾಲೇಜಿನಲ್ಲೇ 1913ರಲ್ಲಿ ಶುರುವಾದ ಅಲೋಶಿಯಂ ಎಂಬ ಸಂಗ್ರಹಾಲಯವೂ ಇದೆ. ನಾಣ್ಯ, ಖನಿಜ, ಹಳೆಯ ಯಂತ್ರಗಳಲ್ಲಿ ಆಸಕ್ತಿಯಿದ್ದವರು ಅದಕ್ಕೆ ಬೇರೆ ಒಂದು ಗಂಟೆ ಇಟ್ಟುಕೊಳ್ಳಬೇಕು.

ಚಾಪೆಲ್‌ನಿಂದ ಹೊರಡುವಾಗ ಹಿಂದಿನ ಗೋಡೆಯತ್ತ ತಿರುಗಿ. ಬಂದವರೆಲ್ಲ ಆಲ್ತಾರಿನ ಕಡೆ ಮುಖ ಮಾಡಿ ನಡೆಯುವುದರಿಂದ ಇದು ಬೆನ್ನಿಗೆ ಬಿದ್ದಿರುತ್ತದೆ. ಯೇಸುವಿನ ಸುತ್ತ ಮಕ್ಕಳು. ಪ್ರಾರ್ಥನೆ ಮುಗಿಸಿ ತರಗತಿಗೆ ಮರಳುವ ಹುಡುಗರು ಬಾಗಿಲ ಕಡೆ ತಿರುಗಿದಾಗ ಎದುರಾಗಲೆಂದೇ ಮೊಸ್ಕೇನಿ ಅದನ್ನು ಅಲ್ಲಿ ಬರೆದಂತಿದೆ. ಬಾಗಿಲಾಚೆ ಮೆಟ್ಟಿಲು, ಅಂಗಳ, ನಾಲ್ಕು ಗಂಟೆಯ ಬೆಲ್ಲು. ಕೆಳಗೆ ಹಂಪನಕಟ್ಟೆಯಿಂದ ಸ್ಟೇಟ್‌ಬ್ಯಾಂಕಿಗೆ ಬಸ್ಸು ಸಿಗುತ್ತದೆ.